ಗೇಟಿನಿಂದ ಮನೆವರೆಗಿನ ಇನ್ನೂರು ಮೀಟರಿಗೆ ಯಾವ ಕಾರು?

ಚಾರ್ಮಾಡಿ ಘಾಟಿ ಹತ್ತಲು ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವ ಆಲ್ ವೀಲ್ ಡ್ರೈವ್ ಕಾರು ಬೇಕಿಲ್ಲ, ಶಿರಾಡಿಗೂ ಬೇಡ. ಟಾರು ಎಷ್ಟೇ ಕಡಿದಾಗಿದ್ದರೂ ಒಳ್ಳೆಯ ಟೈರಿರುವ ಸಾಮಾನ್ಯ ಕಾರು ಹತ್ತಿಬಿಡುತ್ತದೆ. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಗಾಡಿ ಕೈಕೊಡುವುದು ಡಾಂಬರು ಬಿಟ್ಟು ತೋಟದ ಗೇಟು ದಾಟಿದ ಮೇಲೆ: ಜುಲೈ ಮಳೆ, ಜೇಡಿಮಣ್ಣು, ಏರು, ಅದರ ಮೇಲೆ ಸಿಲ್ವರ್ ಓಕ್ ಎಲೆಗಳ ಹಾಸು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಚಕ್ರ ಇದ್ದಲ್ಲೇ ತಿರುಗಿ ಗಾಡಿ ನಿಲ್ಲುತ್ತದೆ. ಹಿಂದಿನ ಚಕ್ರ ತಳ್ಳುವ ಇನ್ನೋವಾ ಕ್ರಿಸ್ಟಾ ಜನ ತುಂಬಿದ್ದರೆ ಹತ್ತುತ್ತದೆ, ಖಾಲಿಯಿದ್ದರೆ ಹಿಂಭಾಗ ಜಾರುತ್ತದೆ.

ಹಾಗಾಗಿ ಷೋರೂಮಿಗೆ ಹೋಗುವ ಮುಂಚೆ ಆ ಏರನ್ನೇ ಒಮ್ಮೆ ನೋಡಿ. ಕಷ್ಟ ಇರುವುದು ಬರೀ ಮೂವತ್ತು ನಲವತ್ತು ಮೀಟರಿನದ್ದಾದರೆ, ಗಾಲಿ ಹೋಗುವ ಎರಡು ಪಟ್ಟಿಗೆ ಕಾಂಕ್ರೀಟ್ ಹಾಕಿಸಿ ಪಕ್ಕದಲ್ಲಿ ಚರಂಡಿ ತೆಗೆಸುವುದು ಫೋರ್ ವೀಲಿಗೆ ಕೊಡುವ ಹೆಚ್ಚುವರಿ ದುಡ್ಡಿಗಿಂತ ಅಗ್ಗ. ಅದರಿಂದ ತೋಟದ ಪಿಕಪ್ ಗಾಡಿಗೂ ಅನುಕೂಲ. ಅದಕ್ಕೂ ಮೀರಿದ ದಾರಿಯಾದರೆ ಮಾತ್ರ ಮುಂದೆ ಓದಿ.

ನಾಲ್ಕೂ ಚಕ್ರ ಓಡುವ ಗಾಡಿಗಳಲ್ಲಿ ಎರಡು ಜಾತಿ. ಥಾರ್, ಜಿಮ್ನಿ, ಸ್ಕಾರ್ಪಿಯೊ-ಎನ್ ಫೋರ್ ಬೈ ಫೋರ್ ಇವುಗಳಲ್ಲಿ ಮುಂದಿನ ಹಿಂದಿನ ಶಾಫ್ಟುಗಳನ್ನು ಟ್ರಾನ್ಸ್‌ಫರ್ ಕೇಸ್ ಎಂಬ ಗೇರುಪೆಟ್ಟಿಗೆ ಗಟ್ಟಿಯಾಗಿ ಜೋಡಿಸುತ್ತದೆ, ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫ್ರೆನ್ಷಿಯಲ್ ಗೇರು ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಸುತ್ತಬೇಕು. ಒಣ ಟಾರಿನ ಮೇಲೆ ಆ ವ್ಯತ್ಯಾಸ ಜಾರಿ ಹೋಗಲು ಜಾಗವಿಲ್ಲದೆ ಶಾಫ್ಟು ಬಿಗಿದುಕೊಳ್ಳುತ್ತದೆ, ಟೈರೂ ತೇಯುತ್ತದೆ. ಮಣ್ಣು ಬಂದಾಗ ಫೋರ್ ಹೈ (ನಾಲ್ಕೂ ಚಕ್ರ), ಟಾರು ಬಂದಾಗ ವಾಪಸ್ ಟೂ ಹೈ (ಹಿಂದಿನ ಎರಡೇ). ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್, ಹೈರೈಡರ್, ಎಕ್ಸ್‌ಯುವಿ700, ಹಳೆಯ ಡಸ್ಟರ್ ಇನ್ನೊಂದು ಜಾತಿ. ಇವು ಮಾಮೂಲಾಗಿ ಮುಂದಿನ ಚಕ್ರದಲ್ಲೇ ಓಡುತ್ತವೆ. ಹಿಂದಿನ ಡಿಫ್ರೆನ್ಷಿಯಲ್ ಮುಂದೆ ಕೂತಿರುವ ಕ್ಲಚ್ ಪ್ಲೇಟುಗಳ ಕಪ್ಲಿಂಗ್ ಬೇಕಾದಾಗ ಹಿಂದಕ್ಕೂ ಶಕ್ತಿ ಕೊಡುತ್ತದೆ. ಆಟೋದಲ್ಲಿಟ್ಟರೆ ಮುಂದಿನ ಚಕ್ರ ಸ್ವಲ್ಪ ಜಾರಿದ ಮೇಲೆ ಅದಕ್ಕೆ ಎಚ್ಚರ. ಆದ್ದರಿಂದ ಕಪ್ಲಿಂಗನ್ನು ಜೋಡಿಸಿಯೇ ಹಿಡಿಯುವ ಲಾಕ್ ನಿಮ್ಮ ಗಾಡಿಯಲ್ಲಿದ್ದರೆ ಏರಿನ ಬುಡದಲ್ಲೇ ಹಾಕಿ, ಅರ್ಧ ಹತ್ತಿ ಸಿಕ್ಕಿಕೊಂಡ ಮೇಲಲ್ಲ. ಕೆಸರಿನಲ್ಲಿ ಸುಮ್ಮನೆ ಆಕ್ಸಿಲರೇಟರ್ ಒತ್ತುತ್ತಲೇ ಇದ್ದರೆ ಕಪ್ಲಿಂಗ್ ಕಾಯ್ದು, ದೀಪ ಹೊತ್ತಿ, ಹಿಂದಿನ ಚಕ್ರಕ್ಕೆ ಶಕ್ತಿ ನಿಲ್ಲುತ್ತದೆ. ಅದು ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಗಾಡಿ ನಿಲ್ಲಿಸಿ ಆರಲು ಬಿಡಿ.

ಮನೆಮಂದಿಯೆಲ್ಲ ಓಡಾಡುವ ಗಾಡಿಗೆ ನನ್ನ ಮತ ಎರಡನೇ ಜಾತಿಗೇ. ಜಿಮ್ನಿ ಹೋಗದ ಜಾಗವಿಲ್ಲ, ಆದರೆ ಸೀಟು ನಾಲ್ಕೇ. 2022ರಲ್ಲಿ ಬಂದ ಗ್ರ್ಯಾಂಡ್ ವಿಟಾರಾ, ಹೈರೈಡರ್ ಎರಡೂ ಬಿಡದಿಯಲ್ಲಿ ತಯಾರಾದ ಅಣ್ಣತಮ್ಮಂದಿರು. ಇವುಗಳ ಆಲ್ ವೀಲ್ ಬಂದದ್ದು 103 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿಯ 1.5 ಲೀಟರ್ ಮೈಲ್ಡ್ ಹೈಬ್ರಿಡ್ ಪೆಟ್ರೋಲಿನಲ್ಲಿ, ಅಂದರೆ ವಿದ್ಯುತ್ ಮೋಟರು ಎಂಜಿನ್ನಿಗೆ ಬರೀ ಕೈಜೋಡಿಸುವಂಥದ್ದರಲ್ಲಿ. ಬರೀ ಮೋಟರಿನಲ್ಲೂ ಓಡಬಲ್ಲ, ಹೆಚ್ಚು ಮೈಲೇಜಿನ ಸ್ಟ್ರಾಂಗ್ ಹೈಬ್ರಿಡ್ಡಿನಲ್ಲಿ ಅಲ್ಲ. ಐದು ಜನ, ಲಗೇಜು ಹೇರಿಕೊಂಡು ಘಾಟಿ ಹತ್ತುವಾಗ ಗೇರು ಇಳಿಸುತ್ತಲೇ ಇರಬೇಕಾಗುತ್ತದೆ. ಎಕ್ಸ್‌ಯುವಿ700ರಲ್ಲಿ ಶಕ್ತಿಗೆ ಬರವಿಲ್ಲ, 185 ಪಿಎಸ್. ಆದರೆ ಆಲ್ ವೀಲ್ ಬಂದದ್ದು ಡೀಸೆಲ್ ಆಟೋಮ್ಯಾಟಿಕ್‌ನಲ್ಲಿ ಮಾತ್ರ, ಮತ್ತೆ ಗಾಡಿಯ ಅಗಲ ಕಿರಿದಾದ ತೋಟದ ದಾರಿಗೆ ಸ್ವಲ್ಪ ಹೆಚ್ಚಾಯಿತು.

ಕೊಂಡ ಮೇಲೆ ಹಾಳು ಮಾಡುವುದು ಹೆಚ್ಚಾಗಿ ಟೈರಿನ ವಿಷಯದಲ್ಲಿ. ಎರಡು ಹೊಸದು ಹಾಕಿ, ಎರಡು ಹಳೆಯದು ಉಳಿಸಿಕೊಳ್ಳುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. 215/60 ಆರ್17 ಟೈರಿನ ವ್ಯಾಸ ಸುಮಾರು 690 ಮಿ.ಮೀ. 8 ಮಿ.ಮೀ. ಇದ್ದ ಗುಂಡಿ (ನೆಲ ಹಿಡಿಯುವ ರಬ್ಬರಿನ ಉಬ್ಬು) 3ಕ್ಕೆ ಸವೆದರೆ ವ್ಯಾಸ 10 ಮಿ.ಮೀ. ಕಡಿಮೆಯಾಗಿ, ಹಳೆ ಟೈರು ಪ್ರತಿ ಕಿಲೋಮೀಟರಿಗೆ ಆರೇಳು ಸುತ್ತು ಹೆಚ್ಚು ತಿರುಗುತ್ತದೆ. ಇದನ್ನು ಜಾರುವಿಕೆ ಅಂದುಕೊಂಡು ಕಪ್ಲಿಂಗ್ ಹಾಸನದಿಂದ ಬೆಂಗಳೂರಿನವರೆಗೂ ಸುಮ್ಮನೆ ದುಡಿಯುತ್ತದೆ. ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ ಇರಲಿ. ಗುಂಡಿಯ ವ್ಯತ್ಯಾಸ 2 ಮಿ.ಮೀ. ದಾಟದಿರಲಿ, 8,000ದಿಂದ 10,000 ಕಿ.ಮೀ.ಗೊಮ್ಮೆ ಹಿಂದೆ ಮುಂದೆ ಬದಲಿಸಿ. ಸ್ಟೆಪ್ನಿ ಚಿಕ್ಕದಿದ್ದರೆ ಅದರಲ್ಲಿ ಪಂಕ್ಚರ್ ಅಂಗಡಿಯವರೆಗೆ ಮಾತ್ರ, ಲಾಕ್ ಮುಟ್ಟಬೇಡಿ. ಕಾನೂನು 1.6 ಮಿ.ಮೀ.ವರೆಗೆ ಒಪ್ಪುತ್ತದೆ, ಆದರೆ ಮಲೆನಾಡಿನ ಮಳೆಗೆ 3 ಮಿ.ಮೀ. ಇರುವಾಗಲೇ ಟೈರು ಮುಗಿದಂತೆ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇದೆ, ಇಳಿಯುವಾಗ ಆಲ್ ವೀಲಿನಿಂದ ನಿಲ್ಲುವ ದೂರ ಕಡಿಮೆಯಾಗದು.

ಮುಂದಿನದು ಹೌಸಿಂಗ್ ಆಯಿಲ್, ಅಂದರೆ ಹಿಂದಿನ ಡಿಫ್ರೆನ್ಷಿಯಲ್ ಕೂತಿರುವ ಪೆಟ್ಟಿಗೆಯ ಎಣ್ಣೆ. ಸರ್ವಿಸಿನಲ್ಲಿ ಎಂಜಿನ್ ಆಯಿಲ್ ಬದಲಿಸಿ ಕಳಿಸುತ್ತಾರೆ, ಹಿಂದಿನ ಡಿಫ್ರೆನ್ಷಿಯಲ್ ಕೇಳಿದರಷ್ಟೇ. ಬಿಸಿಯಾಗಿರುವ ಹೌಸಿಂಗ್ ತಣ್ಣನೆಯ ಹಳ್ಳಕ್ಕಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ಸಣ್ಣ ತೂತು, ಬ್ರೀದರ್, ಮಣ್ಣಿನಿಂದ ಕಟ್ಟಿದ್ದರೆ ಸೀಲಿನ ಅಂಚಿನಿಂದ ನೀರು ಒಳಗೆ ಸೆಳೆಯುತ್ತದೆ. ಮಳೆಗಾಲ ಮುಗಿದ ಮೇಲೆ ಮಟ್ಟ ನೆಲದಲ್ಲಿ ನಿಲ್ಲಿಸಿ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಸಿ; ಅದು ತುಕ್ಕಿಗೆ ಕಚ್ಚಿದ್ದರೆ ಕೆಳಗಿನಿಂದ ಖಾಲಿ ಮಾಡಿದ ಮೇಲೆ ತುಂಬಲು ದಾರಿಯಿರದು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ, ಅಂದೇ ಬದಲಿಸಿ. ಡ್ರೇನ್ ಪ್ಲಗ್ಗಿನ ಅಯಸ್ಕಾಂತದಲ್ಲಿ ಬೂದುಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆಯಿಲ್ಲ, ಕೈಗೆ ಚುಚ್ಚುವ ಚೂರು ಸಿಕ್ಕರೆ ಗೇರಿನ ಹಲ್ಲು ಹೋಗುತ್ತಿದೆ. ಹೊಸ ವಾಷರ್ ಹಾಕಿ, ಮ್ಯಾನ್ಯುಯಲ್ ಹೇಳಿದ ದರ್ಜೆಯ ಆಯಿಲನ್ನೇ ತೂತಿನ ಅಂಚಿನಿಂದ ತೊಟ್ಟಿಕ್ಕುವವರೆಗೆ ತುಂಬಿಸಿ. ಹೆಚ್ಚಿನ ಸಣ್ಣ ಎಸ್‌ಯುವಿಗಳಿಗೆ ಒಂದು ಲೀಟರಿಗೂ ಕಡಿಮೆ ಸಾಕು. ಕೆಲವು ಗಾಡಿಗಳಲ್ಲಿ ಕಪ್ಲಿಂಗಿನ ಆಯಿಲ್ ಬೇರೆಯೇ ಇರುತ್ತದೆ, ಎರಡನ್ನೂ ಒಂದೇ ಡಬ್ಬದಿಂದ ತುಂಬಲು ಬಿಡಬೇಡಿ.

ಇಂಥ ಕಾರಿನಲ್ಲಿ ಆಕ್ಸಲ್ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟುಗಳೂ ಜಾಸ್ತಿ, ನಾಲ್ಕರ ಬದಲು ಎಂಟು. ಒಂದು ಹರಿದರೂ ಗ್ರೀಸ್ ಹೊರಗೆ, ಮಣ್ಣು ಒಳಗೆ. ರಿಮ್ಮಿನ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಆ ವಾರವೇ ಬೂಟು ಬದಲಿಸಿದರೆ ಮುಗಿಯಿತು. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಟಕಟಕ ಸದ್ದು ಬರುವವರೆಗೆ ಕಾದರೆ ಜಾಯಿಂಟೇ ಹೋಗಿರುತ್ತದೆ. ಇನ್ನೊಂದು ತೋಟದವರಿಗೇ ಹೇಳಬೇಕಾದ್ದು: ಬೆಳೆಗೆ ಬೋರ್ಡೋ ದ್ರಾವಣ ಹೊಡೆದ ಪಂಪಿನಲ್ಲಿ ಕಾರಿನ ತಳ ತೊಳೆಯಬೇಡಿ. ಪೈಪಿನಲ್ಲಿ ಉಳಿದ ಮೈಲುತುತ್ತ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ.

ಸೆಕೆಂಡ್ ಹ್ಯಾಂಡ್ ಡಸ್ಟರ್ ನೋಡುತ್ತಿದ್ದರೆ ಮೊದಲು ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಅದು ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಆಮೇಲೆ ಒದ್ದೆ ಮಣ್ಣಿನ ಏರಿನಲ್ಲಿ ಲಾಕ್ ಹಾಕಿಸಿ, ಪಕ್ಕದಲ್ಲಿ ನಿಂತು ಹಿಂದಿನ ಚಕ್ರವೂ ತಳ್ಳುತ್ತಿದೆಯೇ ನೋಡಿ. ಲಾಕ್ ಹಾಕಿದಾಗ ದೀಪ ಹೊತ್ತಿತು ಎಂಬುದು ಸಾಕ್ಷಿಯಲ್ಲ.

ದಾರಿಯಲ್ಲಿ ನಿಂತರೆ ಮುಂದಿನ ಚಕ್ರ ಮಾತ್ರ ಎತ್ತಿ ಎಳೆದೊಯ್ಯುವ ಕ್ರೇನಿಗೆ ಒಪ್ಪಬೇಡಿ. ನೆಲದಲ್ಲಿ ಉರುಳುವ ಹಿಂದಿನ ಚಕ್ರ ಕಪ್ಲಿಂಗನ್ನು ಸುಟ್ಟುಹಾಕಬಹುದು. ಫೋನಿನಲ್ಲೇ ‘ಆಲ್ ವೀಲ್ ಗಾಡಿ, ಫ್ಲಾಟ್‌ಬೆಡ್ ಕಳಿಸಿ’ ಎಂದು ಹೇಳಿ. ಕೊಟ್ಟಿಗೆಹಾರದವರೆಗೆ ಬಂದ ಮೇಲೆ ಹೇಳಿದರೆ ಅವರು ಇನ್ನೊಂದು ಗಾಡಿಗೆ ವಾಪಸ್ ಹೋಗಬೇಕಾಗುತ್ತದೆ.