ಅಲಗಿನ ಉದ್ದ ಅಳೆದರೆ ಸಾಲದು

ಬೀದರ್‌ನಲ್ಲಿ ಇಂಟರ್‌ನ್ಯಾಷನಲ್ ಕೊರಿಯರ್ ಕೌಂಟರ್‌ನಲ್ಲಿ ಕೂತವರಿಗೆ ಬಿದ್ರಿ ಪಾರ್ಸೆಲ್ ಅಂದ್ರೆ ದಿನನಿತ್ಯದ ಕೆಲಸ. ಹೂದಾನಿ, ಡಬ್ಬಿ, ಆನೆ, ಪೆನ್ ಸ್ಟ್ಯಾಂಡ್. ಬಿಲ್ ನೋಡು, ಕೆವೈಸಿ ಹಾಕು, ಕಸ್ಟಮ್ಸ್‌ಗೆ ಕೊಡುವ ರಫ್ತು ಬಿಲ್ ಸಿಎಸ್‌ಬಿ-5 ಮಾಡು, ಬಬಲ್ ಶೀಟ್ ಸುತ್ತು, ಸ್ಟಿಕ್ಕರ್ ಅಂಟಿಸು. ಸಂಜೆ ವ್ಯಾನ್ ಬರುತ್ತದೆ, ಮಾಲು ಹೈದರಾಬಾದ್ ಹಬ್‌ಗೆ ಹೋಗುತ್ತದೆ. ಕಳೆದ ಮದುವೆ ಸೀಸನ್‌ನಲ್ಲಿ ಚೌಬಾರಾ ಹತ್ತಿರದ ಒಬ್ಬ ಹಿರಿಯ ಕಾರೀಗರರು ಮಡಚುವ ಚಾಕು ತಂದರು. ಆ ಸಂಜೆ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಮದುಮಗನ ಗೆಳೆಯರಿಗೆ ಉಡುಗೊರೆ ಕೊಡೋದಕ್ಕೆ ವಿದೇಶದಲ್ಲಿರುವ ಒಂದು ಕುಟುಂಬ ಹೇಳಿ ಮಾಡಿಸಿದ ಮಾಲು ಅದು. ಒಂದು ಪೆಟ್ಟಿಗೆ ಲಂಡನ್‌ಗೆ, ಒಂದು ಜರ್ಮನಿಗೆ, ಒಂದು ಟೊರಾಂಟೊಗೆ. ಸ್ಟೀಲ್ ಅಲಗು, ಒಳಗಿನ ಭಾಗ ಎಲ್ಲಾ ರೆಡಿಮೇಡ್ ತರಿಸಿದ್ದು. ಹಿಡಿಕೆ ಮಾತ್ರ ಆ ಕಾರೀಗರರ, ನಾನು ಚಾಚಾ ಅಂತ ಕರೆಯುವವರ, ಕೈಕೆಲಸ. ಸತು ಜಾಸ್ತಿ, ತಾಮ್ರ ಸ್ವಲ್ಪ ಇರುವ ಎರಕ, ಅದರ ಮೇಲೆ ಬೆಳ್ಳಿಯ ಅಶರ್ಫಿ ಬೂಟಿ ಅನ್ನುವ ಹೂವಿನ ಚಿತ್ತಾರ, ಆಮೇಲೆ ಕೋಟೆಯ ಮಣ್ಣಿನಲ್ಲಿ ಕಪ್ಪು ಬರಿಸಿದ್ದು. ಅಂಗೈಯಲ್ಲಿ ಇಟ್ಟರೆ ತಣ್ಣಗೆ, ಭಾರವಾಗಿ ಕೂರುತ್ತಿತ್ತು. 2006ರಲ್ಲಿ ಜಿಐ ಟ್ಯಾಗ್ ಸಿಕ್ಕ ಕಲೆ ಇದು. ಒಂದೊಂದು ಬೂಟಿಗೂ ಉಳಿಯಿಂದ ಜಾಗ ಕೊರೆದು ಬೆಳ್ಳಿ ಕೂರಿಸಬೇಕು. ಇಂಥ ಮಾಲು ಯಾವುದೋ ಗೋದಾಮಿನಲ್ಲಿ ಕೊಳೆಯಬಾರದು ಅನ್ನೋದಷ್ಟೇ ನನ್ನ ಚಿಂತೆ.

ನಮ್ಮ ಬುಕಿಂಗ್ ಸಾಫ್ಟ್‌ವೇರ್‌ನಲ್ಲಿ ಇಂಥದಕ್ಕೆ ಎರಡೇ ಆಯ್ಕೆ. ಒಂದು ‘ಹ್ಯಾಂಡಿಕ್ರಾಫ್ಟ್’, ಇನ್ನೊಂದು ‘ವೆಪನ್’. ಎರಡನೆಯದನ್ನು ಒತ್ತಿದರೆ ಸ್ಕ್ರೀನ್ ಕೆಂಪಾಗಿ ನಿಂತುಬಿಡುತ್ತದೆ. ಬ್ರಾಂಚ್ ಮ್ಯಾನೇಜರ್ ಫೋನ್‌ನಲ್ಲಿ ಹೇಳಿದ್ದು ಇಷ್ಟೇ: “ಹ್ಯಾಂಡಿಕ್ರಾಫ್ಟ್ ಹಾಕಿ ಬಿಡ್ರಿ, ತಿಂಗಳ ಕೊನಿ ಅದ.” ಚಾಚಾ ಅವರೂ ಅದನ್ನೇ ಹೇಳಿದರು. “ಇದು ಚಾಕು ಅಲ್ಲ ಬೇಟಾ, ಬಿದ್ರಿ ಅದ. ಬೂಟಿ ಹ್ಯಾಂಗ ಕೂತದ ನೋಡು.”

ನಾನು ಒಪ್ಪಲಿಲ್ಲ. “ಚಾಚಾ, ಎಕ್ಸ್‌ರೇ ಮಷೀನ್‌ಗೆ ಬೂಟಿ ಕಾಣಂಗಿಲ್ಲ, ಅಲಗು ಕಾಣ್ತದ” ಅಂದೆ. ಹ್ಯಾಂಡಿಕ್ರಾಫ್ಟ್ ಆಯ್ಕೆ ಒತ್ತಿದರೂ ವಿವರದ ಜಾಗದಲ್ಲಿ ‘ಬಿದ್ರಿ ಹಿಡಿಕೆಯ ಮಡಚುವ ಚಾಕು’ ಅಂತಲೇ ಟೈಪ್ ಮಾಡಿ, ಕಸ್ಟಮ್ಸ್‌ನವರು ಮಾಲು ಗುರುತಿಸುವ ಎಚ್‌ಎಸ್ ಕೋಡ್ 8211.93 ಹಾಕಿದೆ. ಅದು ಮಡಚುವ ಚಾಕುಗಳದೇ ಕೋಡ್. ಆಮೇಲೆ ಸ್ಕೇಲ್ ತಗೊಂಡು ಅಲಗು ಅಳೆದೆ. ಏಳು ಸೆಂಟಿಮೀಟರ್, ಅಂದ್ರೆ ಮೂರು ಇಂಚಿಗಿಂತ ಕಡಿಮೆ. ನಮ್ಮ ಆರ್ಮ್ಸ್ ರೂಲ್ಸ್ 2016ರ ಪಟ್ಟಿಯಲ್ಲಿ ಹರಿತ ಆಯುಧ ಅಂತ ಬರೋದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಅಲಗು. ಮನೆ, ಹೊಲ, ಕಾರ್ಖಾನೆ ಕೆಲಸಕ್ಕೆ ಅಂತ ಮಾಡಿದ್ದು ಅದರಲ್ಲಿ ಬರುವುದಿಲ್ಲ. ಬ್ರಿಟನ್‌ನಲ್ಲಿ ಮೂರು ಇಂಚಿನ ತನಕ ಜೇಬಿನಲ್ಲಿ ಇಟ್ಟುಕೊಳ್ಳಬಹುದು ಅನ್ನೋದೂ ಗೊತ್ತಿತ್ತು. ಉದ್ದ ಸರಿ ಇದೆ, ಇನ್ನೇನು ತೊಂದರೆ ಅಂತ ಮೂರೂ ಪೆಟ್ಟಿಗೆಗೆ ಟೇಪ್ ಹೊಡೆದೆ. ಮಾಲಿನ ಪಟ್ಟಿ, ಅಂದ್ರೆ ಮ್ಯಾನಿಫೆಸ್ಟ್ ಹೋಯಿತು.

ವ್ಯಾನ್ ಹೊರಗೆ ಬಂದು ನಿಂತಿತ್ತು. ಬ್ಯಾಗಿಂಗ್ ನಡೀತಾ ಇತ್ತು. ಹಬ್‌ನ ನಿಯಮ ನೋಡುವ ಕಂಪ್ಲಯನ್ಸ್ ಡೆಸ್ಕ್‌ನಿಂದ ಫೋನ್ ಬಂತು. ಆ ಹುಡುಗಿ ಉದ್ದದ ಬಗ್ಗೆ ಕೇಳಲೇ ಇಲ್ಲ. “ಸರ್, ಅಲಗು ಬಿಚ್ಚಿದ ಮೇಲೆ ಲಾಕ್ ಆಗುತ್ತಾ? ಒಂದೇ ಕೈಯಲ್ಲಿ ತೆಗೆಯಬಹುದಾ? ಮಣಿಕಟ್ಟು ಝಾಡಿಸಿದರೆ ತಾನಾಗಿ ಹೊರಗೆ ಬರುತ್ತಾ?”

ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಲಂಡನ್ ಪೆಟ್ಟಿಗೆ ಬ್ಯಾಗ್‌ನಿಂದ ಹೊರಗೆ ತೆಗೆದೆ. ಟೇಪ್ ಕತ್ತರಿಸಿದೆ. ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೀತಾ ಇದ್ದ, ಕಟಾಫ್ ತಪ್ಪಿದರೆ ಬೈಸಿಕೊಳ್ಳೋದು ಅವನು. ಚಾಚಾ ಕುರ್ಚಿಯಿಂದ ಎದ್ದು ಬಂದು ಪಕ್ಕದಲ್ಲಿ ನಿಂತರು. ಅಲಗಿನ ಬುಡದಲ್ಲಿ ಒಂದು ಚಿಕ್ಕ ಗುಬಟು ಇತ್ತು. ಹೆಬ್ಬೆರಳಿನಿಂದ ಅದನ್ನು ತಳ್ಳಿದೆ. ಅಲಗು ಸರಕ್ಕನೆ ಬಂದು ‘ಟಕ್’ ಅಂತ ನಿಂತಿತು. ಬೆನ್ನಿನ ಕಡೆಯಿಂದ ಮೇಜಿನ ಅಂಚಿಗೆ ಒತ್ತಿದೆ, ಮಡಚಲಿಲ್ಲ. ಹಿಡಿಕೆಯೊಳಗೆ ಇಣುಕಿ ನೋಡಿದೆ. ತೆಳುವಾದ ಒಂದು ಸ್ಟೀಲ್ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಹಿಂಬದಿಗೆ ಆತುಕೊಂಡಿತ್ತು. ಪಟ್ಟಿ ಒತ್ತಿ ಮತ್ತೆ ಮಡಚಿದೆ. ಹುಷಾರಾಗಿ ಕೈ ದೂರ ಚಾಚಿ ಮಣಿಕಟ್ಟು ಝಾಡಿಸಿದೆ. ಗುಬಟು ಮುಟ್ಟದೇ ಅಲಗು ಹೊರಗೆ ಬಂತು.

“ಮೂರಕ್ಕೂ ಹೌದು” ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, “ಮೂರೂ ಎಡಬ್ಲ್ಯುಬಿ ಹೋಲ್ಡ್ ಮಾಡಿ ಸರ್” ಅಂದಳು. ಎಡಬ್ಲ್ಯುಬಿ ಅಂದ್ರೆ ಏರ್ ವೇಬಿಲ್, ಪಾರ್ಸೆಲ್ ಸಾಗಣೆಯ ಚೀಟಿ.

ಅವಳು ಅವತ್ತು ಫೋನ್‌ನಲ್ಲಿ ಹೇಳಿದ್ದು, ಆಮೇಲೆ ನಾನೇ ಕೂತು ಓದಿದ್ದು, ಎರಡನ್ನೂ ಸೇರಿಸಿ ಬರೀತೀನಿ. ಬಿದ್ರಿ ಮಾಲು ಕಳಿಸುವ ಎಲ್ಲರಿಗೂ ಇದು ಬೇಕು.

ಬ್ರಿಟನ್‌ನಲ್ಲಿ 1988ರ ಕ್ರಿಮಿನಲ್ ಜಸ್ಟೀಸ್ ಆ್ಯಕ್ಟ್ ಪ್ರಕಾರ ಮೂರು ಇಂಚು ಮೀರದ ಮಡಚುವ ಜೇಬುಚಾಕು ಇಟ್ಟುಕೊಂಡು ಓಡಾಡಬಹುದು. ಆದರೆ ಲಾಕ್ ಆಗುವ ಚಾಕು ಆ ಲೆಕ್ಕಕ್ಕೆ ಬರುವುದೇ ಇಲ್ಲ ಅಂತ ಅಲ್ಲಿನ ಕೋರ್ಟ್ 1990ರ ದಶಕದಲ್ಲೇ ಹೇಳಿದೆ. ಅಲಗು ಎರಡೇ ಇಂಚಿದ್ದರೂ ಲಾಕ್ ಇದ್ದರೆ, ಸರಿಯಾದ ಕಾರಣ ಇಲ್ಲದೆ ಬೀದಿಗೆ ತಂದರೆ ಅಪರಾಧ. ಮನೆಯಲ್ಲಿ ಇಟ್ಟುಕೊಂಡರೆ ತಪ್ಪಿಲ್ಲ. ಬಟನ್ ಒತ್ತಿದರೆ ಬಿಚ್ಚುವ ಫ್ಲಿಕ್ ನೈಫ್ ಕಥೆ ಬೇರೆ. ಅದರ ಮಾರಾಟ, ಆಮದು 1959ರಿಂದ ಒಂದೊಂದಾಗಿ ನಿಷೇಧ ಆಗಿ, 2021ರ ಜುಲೈನಿಂದ ಇಂಗ್ಲೆಂಡ್‌ನಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ.

ಜರ್ಮನಿಯಲ್ಲಿ 2008ರಿಂದ ಒಂದು ಕೈಯಲ್ಲಿ ಬಿಚ್ಚಿ ಲಾಕ್ ಆಗುವ ಚಾಕುವನ್ನು ಸುಮ್ನೆ ಜೇಬಿನಲ್ಲಿ ಒಯ್ಯುವಂತಿಲ್ಲ. ಕೊಳ್ಳಬಹುದು, ಮನೆಯಲ್ಲಿ ಇಡಬಹುದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಯ್ಯಬಹುದು. ಜೇಬಿಗೆ ಹಾಕಿದರೆ ಹತ್ತು ಸಾವಿರ ಯೂರೋವರೆಗೆ ದಂಡ ಬೀಳಬಹುದು. 2024ರ ಅಕ್ಟೋಬರ್ ಕೊನೆಗೆ ಇನ್ನೂ ಬಿಗಿ ಮಾಡಿ, ಸಾರ್ವಜನಿಕ ಉತ್ಸವ, ಜಾತ್ರೆಗಳಿಗೆ ಚಾಕು ತರುವುದನ್ನೇ ನಿಲ್ಲಿಸಿದ್ದಾರೆ.

ಇದೆಲ್ಲಕ್ಕಿಂತ ಕಠಿಣ ಕೆನಡಾ. ಗುರುತ್ವದಿಂದಾಗಲಿ, ಝಾಡಿಸಿದ ರಭಸಕ್ಕಾಗಲಿ, ಬಟನ್ ಒತ್ತಿದ್ದಕ್ಕಾಗಲಿ ತಾನಾಗಿ ಬಿಚ್ಚುವ ಚಾಕು ಅಲ್ಲಿನ ಕ್ರಿಮಿನಲ್ ಕೋಡ್‌ನಲ್ಲಿ ನಿಷೇಧಿತ ಆಯುಧ. ಜೇಬು, ಮನೆ ಅನ್ನುವ ಭೇದವೇ ಇಲ್ಲ. ಗಡಿಯಲ್ಲಿ ಅಧಿಕಾರಿ ಕೈಯಲ್ಲಿ ಹಿಡಿದು ಝಾಡಿಸಿ ನೋಡುತ್ತಾನೆ. ನಾನು ಮೇಜಿನ ಪಕ್ಕ ನಿಂತು ಮಾಡಿದ್ದೂ ಅದನ್ನೇ. ನನ್ನ ಕೈಯಲ್ಲಿ ಬಿಚ್ಚಿದ್ದು ಅವನ ಕೈಯಲ್ಲಿ ಬಿಚ್ಚದೇ ಇರುತ್ತದಾ?

ಅಮೆರಿಕದಲ್ಲಿ ಬಟನ್ ಚಾಕುವಿನ ಆಮದಿಗೆ, ರಾಜ್ಯದಿಂದ ರಾಜ್ಯಕ್ಕೆ ವ್ಯಾಪಾರಕ್ಕೆ 1958ರಿಂದಲೇ ಫೆಡರಲ್ ಕಾನೂನಿನ ತಡೆ ಇದೆ. ಕೈಯಿಂದ ಅಲಗನ್ನು ಸ್ವಲ್ಪ ತಳ್ಳಿದ ಮೇಲೆ ಸ್ಪ್ರಿಂಗ್ ಸಹಾಯ ಮಾಡುವಂಥದ್ದಕ್ಕೆ 2009ರಲ್ಲಿ ವಿನಾಯಿತಿ ಕೊಟ್ಟರು. ಆದರೆ ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಜಪಾನ್‌ನಲ್ಲಂತೂ ಆರು ಸೆಂಟಿಮೀಟರ್ ಮೀರಿದ ಅಲಗನ್ನು ಸಾಮಾನ್ಯವಾಗಿ ಕಾರಣ ಇಲ್ಲದೆ ಒಯ್ಯುವ ಹಾಗಿಲ್ಲ.

ಮ್ಯಾನೇಜರ್‌ಗೆ ಫೋನ್ ಮಾಡಿದೆ. “ಸ್ಕ್ಯಾನ್ ಆಗ್ಯಾವಲ್ರಿ, ಹೋಗ್ಲಿ ಬಿಡ್ರಿ. ತಡದ್ರ ಆರ್‌ಟಿಒ ಬರ್ತಾವ” ಅಂದರು. ನಮ್ಮಲ್ಲಿ ಆರ್‌ಟಿಒ ಅಂದ್ರೆ ಕಳಿಸಿದವರಿಗೇ ವಾಪಸ್ ಬರುವ ಪಾರ್ಸೆಲ್. ಈ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ನಿಷೇಧಿತ ಮಾಲು ಅಂತ ಮುಟ್ಟುಗೋಲು ಹಾಕಿದರೆ ಯಾವ ಆರ್‌ಟಿಒ ಬರುತ್ತದೆ? ಹೋದದ್ದು ಹೋಯಿತು. ಬೆಳ್ಳಿ ಹೋಯಿತು, ಚಾಚಾ ಅವರ ದುಡಿಮೆ ಹೋಯಿತು. ಮೇಲೆ ಮದುವೆ ಉಡುಗೊರೆ ಜೇಬಿನಲ್ಲಿಟ್ಟು ಲಂಡನ್ ಬೀದಿಯಲ್ಲಿ ನಡೆದ ಹುಡುಗನನ್ನು ಪೊಲೀಸರು ನಿಲ್ಲಿಸಿದರೆ ಅವನ ಗತಿ ಏನು? ಅವನಿಗೆ ಈ ಲಾಕ್ ವಿಷಯ ಯಾರು ಹೇಳುತ್ತಾರೆ? ಟಾರ್ಗೆಟ್ ಮುಟ್ಟಿದ್ದು ಅವನಿಗೆ ಯಾವ ಲೆಕ್ಕ? ಮೂರೂ ಪೆಟ್ಟಿಗೆ ಇಳಿಸಿಕೊಂಡು ವ್ಯಾನ್ ಕಳಿಸಿದೆ.

ಚಾಚಾ ಒಂದು ಮಾತೂ ಬೈಯಲಿಲ್ಲ. ಚಾಕು ಕೈಗೆ ತಗೊಂಡು ಆ ಸ್ಟೀಲ್ ಪಟ್ಟಿ ಒತ್ತಿ ಒತ್ತಿ ನೋಡಿದರು. “ಈ ಪತ್ತಿ ಇಲ್ಲದ್ದು ಸಿಗ್ತದ ಬೇಟಾ. ಹಳೀ ಥರದ್ದು, ಉಗುರು ಸಿಗಿಸಿ ಎರಡೂ ಕೈಲಿ ತೆಗಿಯೋದು” ಅಂದರು. ಅದೇ ದಾರಿ ಆಯಿತು. ಲಾಕ್ ಇಲ್ಲ, ಗುಬಟಿಲ್ಲ, ಸ್ಪ್ರಿಂಗ್ ಬಿಗಿತಕ್ಕೆ ಅಲಗು ನಿಲ್ಲುತ್ತದೆ, ಎಷ್ಟು ಝಾಡಿಸಿದರೂ ಹೊರಗೆ ಬರುವುದಿಲ್ಲ. ಹಿಡಿಕೆಗಳನ್ನು ಬಿಚ್ಚಿ ಅದಕ್ಕೆ ಕೂರಿಸಿದರು. ಬಿದ್ರಿ ಎರಕ ಗಡಸು, ರಿವಿಟ್ ತೆಗೆಯುವಾಗ ಹೆಚ್ಚು ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಎರಡು ಹಿಡಿಕೆ ಹಾಗೇ ಹೋದವು, ಹೊಸದಾಗಿ ಮಾಡಿದರು. ಮದುವೆ ಹೊತ್ತಿಗೆ ಮೂರೂ ಪೆಟ್ಟಿಗೆ ಮುಟ್ಟಿದವು. ಹಬ್‌ಗೆ ಮೊದಲೇ ಅಲಗು ಬಿಚ್ಚಿದ ಫೋಟೋ, ಮಡಚಿದ ಫೋಟೋ, ಒಂದು ಚಿಕ್ಕ ವಿಡಿಯೊ ಕಳಿಸಿದ್ದೆ.

ಈಗ ಊರಿನ ಹುಡುಗರು ವಿದೇಶಿ ಸೈಟ್‌ನಿಂದ ಚಾಕು ತರಿಸಬಹುದಾ ಅಂತ ಬಂದು ಕೇಳುತ್ತಾರೆ. ಬಟನ್ ಒತ್ತಿದರೆ ಬಿಚ್ಚುವುದು ಬೇಡವೇ ಬೇಡ ಅಂತೀನಿ. ಆಯುಧ ಅಂತ ಲೆಕ್ಕಕ್ಕೆ ಬಂದರೆ 1959ರ ಆರ್ಮ್ಸ್ ಆ್ಯಕ್ಟ್ ಸೆಕ್ಷನ್ 10ರಲ್ಲಿ ಆಮದಿಗೆ ಲೈಸೆನ್ಸ್ ಬೇಕು. ಇಲ್ಲದಿದ್ದರೆ ಕಸ್ಟಮ್ಸ್‌ನವರು ಹಿಡಿದಿಟ್ಟು ನೋಟಿಸ್ ಕಳಿಸುತ್ತಾರೆ. ಒಳಗೆ ಬಂದ ಮೇಲೂ ಎಲ್ಲಾ ಕಡೆ ಒಂದೇ ನಿಯಮ ಇಲ್ಲ. ದೆಹಲಿಯಲ್ಲಿ 1980ರ ಅಧಿಸೂಚನೆ ಇದೆ, ಬಟನ್‌ದಾರ್ ಚಾಕುವಿನ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಕೇಸ್ ಆಗುತ್ತದೆ. 7.62 ಅಂದ್ರೆ ಸರಿಯಾಗಿ ಮೂರು ಇಂಚು. ಲಂಡನ್‌ನಲ್ಲೂ ಮೂರು, ದೆಹಲಿಯಲ್ಲೂ ಮೂರು. ಆದರೆ ಒಂದು ಕಡೆ ಅದು ಲಾಕ್ ಇಲ್ಲದ ಜೇಬುಚಾಕುವಿಗೆ ಕೊಟ್ಟ ಅನುಮತಿ, ಇನ್ನೊಂದು ಕಡೆ ಬಟನ್ ಚಾಕುವಿಗೆ ಹಾಕಿದ ಗೆರೆ. ಸ್ಕೇಲ್ ಒಂದನ್ನೇ ನಂಬಿದರೆ ಹೀಗೇ ಎಡವೋದು.

ಯುರೋಪಿನಿಂದ ರಜೆಗೆ ಬರುವವರದು ಇನ್ನೊಂದು ಪಾಡು. ಯುರೋಪಿಯನ್ ಯೂನಿಯನ್ ನಿಯಮದಲ್ಲಿ ಆರು ಸೆಂಟಿಮೀಟರ್ ತನಕದ ಅಲಗನ್ನು ವಿಮಾನದ ಕ್ಯಾಬಿನ್‌ಗೆ ಒಯ್ಯಬಹುದು. ಆ ಧೈರ್ಯದಲ್ಲಿ ಹ್ಯಾಂಡ್ ಬ್ಯಾಗ್‌ನಲ್ಲಿ ಇಟ್ಟುಕೊಂಡು, ನಮ್ಮ ದೇಶದೊಳಗೆ ಬಂದು ಇನ್ನೊಂದು ವಿಮಾನ ಹತ್ತುವಾಗ ಸೆಕ್ಯುರಿಟಿಯವರ ಡಬ್ಬಿಗೆ ಹಾಕಿ ಬರುತ್ತಾರೆ. ಮೊದಲೇ ಚೆಕ್-ಇನ್ ಲಗೇಜ್‌ಗೆ ಹಾಕಿದ್ದರೆ ಉಳೀತಿತ್ತು.

ನಾನಕ್ ಝೀರಾ ಸಾಹೇಬ್ ಗುರುದ್ವಾರಕ್ಕೆ ಬಂದವರು ಸಿಖ್ಖರು ಧರಿಸುವ ಕಿರುಗತ್ತಿ ಕೃಪಾಣ್ ಬಗ್ಗೆ ವಿಚಾರಿಸುತ್ತಾರೆ. ಅದನ್ನು ಈ ಚಾಕುಗಳ ಜೊತೆ ಸೇರಿಸಬಾರದು. ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಕೃಪಾಣ್ ಧರಿಸುವ ಹಕ್ಕಿದೆ, ಬ್ರಿಟನ್‌ನ 2019ರ ಕಾನೂನಿನಲ್ಲೂ ಅದಕ್ಕೆ ರಕ್ಷಣೆ ಇದೆ. ನಮ್ಮ ಸಾಫ್ಟ್‌ವೇರ್‌ಗೆ ಮಾತ್ರ ಅದೂ ‘ವೆಪನ್’. ಕೌಂಟರ್‌ಗೆ ಬಂದವರಿಗೆ ಹಾಗೆ ಹೇಳಿ ವಾಪಸ್ ಕಳಿಸೋದಕ್ಕೆ ಮನಸ್ಸು ಬರುವುದಿಲ್ಲ. ಪ್ರತಿ ಸಲ ಹಬ್‌ಗೆ ಮೇಲ್ ಹಾಕಿ, ಕೇಳಿ, ಆಮೇಲೇ ಮಾತಾಡುತ್ತೇನೆ.

ಬುಕಿಂಗ್ ಫಾರ್ಮ್‌ನಲ್ಲಿ ಮೂರು ಪ್ರಶ್ನೆ ಸೇರಿಸಿ ಅಂತ ಮೇಲಿನವರಿಗೆ ಬರೆದಿದ್ದೇನೆ: ಲಾಕ್ ಆಗುತ್ತದಾ, ಒಂದು ಕೈಯಲ್ಲಿ ಬಿಚ್ಚುತ್ತದಾ, ಝಾಡಿಸಿದರೆ ಬರುತ್ತದಾ. ಸಾಫ್ಟ್‌ವೇರ್ ಟೀಮ್‌ಗೆ ಕಳಿಸಿದ್ದೇವೆ ಅಂತ ಉತ್ತರ ಬಂದಿದೆ, ಫಾರ್ಮ್ ಇನ್ನೂ ಬದಲಾಗಿಲ್ಲ. ಅಲ್ಲಿಯವರೆಗೆ ಮೂರನ್ನೂ ಕೈಯಲ್ಲೇ ಬರೆದು ಇನ್‌ವಾಯ್ಸ್ ಹಿಂದೆ ಪಿನ್ ಮಾಡುತ್ತೇನೆ. ಚಾಚಾ ಈಗ ಹಿಡಿಕೆ ಕೂರಿಸುವ ಮೊದಲೇ ಬರಿಯ ಅಲಗಿನ ಸೆಟ್ ತಂದು ತೋರಿಸಿ ಹೋಗುತ್ತಾರೆ.