ಅಟ್ಟದ ಸರ್ವರ್, ಕಂತು 6: ಎರಡು ಸಾಂಬಾ, ಒಂದೇ ಬಾಗಿಲು

ದಸರಾ ರಜೆ ಪೂರ್ತಿ ಒಂದೇ ತಲೆನೋವಿಗೆ ಹೋಯಿತು: ಸಾಂಬಾಗೆ ಹಾಕಿದ ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ಎಲ್ಲಿ ಹೋಯಿತು?

ಗೊತ್ತಿಲ್ಲದವರಿಗೆ ಒಂದು ಸಾಲು. ಕುವೆಂಪುನಗರದ ಮನೆಯ ಅಟ್ಟದ ಮೇಲೊಂದು ಹಳೇ ಡೆಸ್ಕ್‌ಟಾಪ್, 4 ಟಿಬಿಯ ಎರಡು ಡಿಸ್ಕ್ ಮಿರರ್, ಡೆಬಿಯನ್ ಲಿನಕ್ಸ್ 9ರಿಂದ ಮೆಟ್ಟಿಲು ಮೆಟ್ಟಿಲಾಗಿ 12ಕ್ಕೆ ಹತ್ತಿದ ಯಂತ್ರ. ಅದರ ಫೋಲ್ಡರುಗಳನ್ನು ಮನೆಯ ಬೇರೆ ಯಂತ್ರಗಳಿಗೆ ಹಂಚುವ ಪ್ರೋಗ್ರಾಂ ಸಾಂಬಾ; ಹಂಚಿದ ಫೋಲ್ಡರೇ ಷೇರ್, ಮಾತಾಡುವ ಭಾಷೆ ಎಸ್‌ಎಂಬಿ. ಅಪ್‌ಗ್ರೇಡ್ ಕಥೆ ಬೇಡ, ನೀವೆಲ್ಲ ಮಾಡಿರುವುದೇ.

ಈಗ ವಿಷಯ. ಸಾಂಬಾ ಸರ್ವರಿನ ವರ್ಷನ್ ಕೇಳಲು ‘ಎಸ್‌ಎಂಬಿಡಿ -ವಿ’ ಕೊಟ್ಟರೆ 4.17.12 ಅನ್ನುತ್ತದೆ. ಅದರ ಸೆಟ್ಟಿಂಗ್ ಫೈಲ್ ಎಸ್‌ಎಂಬಿ.ಕಾನ್ಫ್‌ನಲ್ಲಿ, 3.0ಕ್ಕಿಂತ ಹಳೇ ಎಸ್‌ಎಂಬಿ ಬೇಡ ಅನ್ನುವ ‘ಸರ್ವರ್ ಮಿನ್ ಪ್ರೋಟೋಕಾಲ್ = ಎಸ್‌ಎಂಬಿ3_00’ ಇದೆ, ಆ ಫೈಲನ್ನು ತಪಾಸಿಸುವ ಟೆಸ್ಟ್‌ಪಾರ್ಮ್ ತಕರಾರಿಲ್ಲದೆ ಓದುತ್ತದೆ. (ಬರೀ ಎಸ್‌ಎಂಬಿ3 ಅಂತ ಬರೆಯಬೇಡಿ. ಸಾಂಬಾ ಅದನ್ನು 3.1.1 ಅಂತಲೇ ತಿಳಿಯುತ್ತದೆ, ವಿಂಡೋಸ್ 8.1 ಇಟ್ಟುಕೊಂಡವರು ಹೊಸ್ತಿಲಾಚೆಯೇ ಉಳಿಯುತ್ತಾರೆ.) ಇಷ್ಟಿದ್ದರೂ ಲ್ಯಾಪ್‌ಟಾಪಿನಿಂದ, ನೆಟ್‌ವರ್ಕ್ ತಪಾಸಿಸುವ ಎನ್‌ಮ್ಯಾಪ್‌ನ ಎಸ್‌ಎಂಬಿ-ಪ್ರೋಟೋಕಾಲ್ಸ್ ಸ್ಕ್ರಿಪ್ಟನ್ನು ಎಸ್‌ಎಂಬಿಯ 445ನೇ ಪೋರ್ಟಿಗೆ ಬಿಟ್ಟರೆ ಮೊದಲ ಸಾಲಿನಲ್ಲೇ ‘ಎನ್‌ಟಿ ಎಲ್‌ಎಂ 0.12’. ಅಂದರೆ ಅಪಾಯದ ಹಳೇ ಎಸ್‌ಎಂಬಿ1. 4.11ರಿಂದಲೇ ಸಾಂಬಾ ತಾನಾಗಿ ಮುಚ್ಚಿಟ್ಟ ಬಾಗಿಲು ಇಲ್ಲಿ ಹಾರುಹೊಡೆದಿದೆ.

ರೀಸ್ಟಾರ್ಟ್, ರೀಬೂಟ್, ಪ್ಯಾಕೇಜನ್ನು ಪರ್ಜ್ (ಬುಡಸಮೇತ ತೆಗೆಯುವುದು) ಮಾಡಿ ಮತ್ತೆ ಹಾಕುವುದು, ಎಲ್ಲ ಆಯಿತು. ಕಾನ್ಫ್ ಫೈಲಿನಲ್ಲಿ ಬೇಕೆಂದೇ ಒಂದು ಷೇರಿನ ಹೆಸರು ಬದಲಿಸಿದರೂ ವಿಂಡೋಸ್‌ನಲ್ಲಿ ಹಳೇ ಹೆಸರೇ ಕಾಣುತ್ತಿತ್ತು. ಅಲ್ಲಿಗೆ ಬುದ್ಧಿ ಬರಬೇಕಿತ್ತು: ಓದುತ್ತಿರುವುದು ಈ ಫೈಲನ್ನಲ್ಲ.

ಉತ್ತರ ಸಿಕ್ಕಿದ್ದು ಎರಡೇ ಕಮಾಂಡಿನಲ್ಲಿ. ‘ಎಸ್‌ಎಸ್ -ಟಿಎಲ್‌ಎನ್‌ಪಿ’ 445ರಲ್ಲಿ ಕೂತಿರುವವನ ಪಿಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಂನ ನಂಬರ್, ಕೊಟ್ಟಿತು. ಆ ಪಿಐಡಿಯ ಪ್ರಾಕ್ ಫೋಲ್ಡರಿನಲ್ಲಿರುವ ‘ಎಕ್ಸ್ಇ’ ಮೇಲೆ ರೀಡ್‌ಲಿಂಕ್ ಮಾಡಿದರೆ ಅಸಲಿ ಫೈಲಿನ ವಿಳಾಸ ಬಂತು: /ಯುಎಸ್‌ಆರ್/ಲೋಕಲ್/ಸಾಂಬಾ/ಎಸ್‌ಬಿನ್/ಎಸ್‌ಎಂಬಿಡಿ. ಯಾವುದೋ ಕಾಲದಲ್ಲಿ ಸೋರ್ಸಿನಿಂದ ಕಂಪೈಲ್ ಮಾಡಿ ಮರೆತದ್ದು. ಅದರ ವರ್ಷನ್ 4.6.3.

ಇದು ಯಾಕೆ ಹೊಟ್ಟೆ ಉರಿಸುವ ನಂಬರ್ ಅಂದರೆ, ಸಿವಿಇ-2017-7494 ಅನ್ನುವ ನಂಬರಿನ ಭದ್ರತಾ ದೋಷಕ್ಕೆ ಪರಿಹಾರ ಬಂದಿದ್ದು 2017ರ ಮೇ 24ರಂದು, 4.6.4ರಲ್ಲಿ. ಒಂದೇ ಮೆಟ್ಟಿಲು ಕೆಳಗೆ ಕೂತಿದೆ ಮಹಾರಾಯ! 3.5.0ರಿಂದ ಈಚೆಗೆ ಎಲ್ಲದರಲ್ಲೂ ಇದ್ದ ತೂತು ಅದು: ಬರೆಯಲು ಅವಕಾಶವಿರುವ ಷೇರಿಗೆ ಒಂದು .ಎಸ್‌ಒ ಫೈಲ್ (ಲಿನಕ್ಸಿನ ಲೈಬ್ರರಿ, ಒಳಗೆ ಓಡುವ ಕೋಡ್) ಏರಿಸಿ, ಪೈಪ್ (ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಕೊಳವೆ) ಹೆಸರಿನ ಜಾಗದಲ್ಲಿ ಅದರ ಪೂರ್ತಿ ಪಾತ್ ಕೊಟ್ಟರೆ ಸರ್ವರ್ ತಾನೇ ಅದನ್ನು ಲೋಡ್ ಮಾಡಿ ಓಡಿಸುತ್ತಿತ್ತು. 2022ರ ಜನವರಿ 31ರಂದು ಸರಿಪಡಿಸಿದ, ಮ್ಯಾಕ್‌ಗಳಿಗಾಗಿ ಇರುವ ಸಾಂಬಾ ಮಾಡ್ಯೂಲ್ ವಿಎಫ್‌ಎಸ್ ಫ್ರೂಟ್‌ನ ದೋಷವೂ, ಅಂದರೆ ಸಿವಿಇ-2021-44142, ಇದರಲ್ಲಿ ಹಾಗೇ ಇದೆ. ಮನೆಯ ಮ್ಯಾಕ್‌ಗಾಗಿ ಫ್ರೂಟ್ ಆನ್ ಬೇರೆ ಇತ್ತು.

ಪರ್ಜ್ ಮಾಡಿದರೂ ಅಲ್ಲಾಡಲಿಲ್ಲವಲ್ಲ, ಕಾರಣ ಯೂನಿಟ್ ಫೈಲ್, ಅಂದರೆ ಸೇವೆಯನ್ನು ಹೇಗೆ ಶುರುಮಾಡಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಫೈಲ್. ‘ಸಿಸ್ಟಮ್‌ಸಿಟಿಎಲ್ ಕ್ಯಾಟ್ ಎಸ್‌ಎಂಬಿಡಿ’ಯ ಮೊದಲ ಸಾಲೇ ಹೇಳುತ್ತದೆ: /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗಿನ ಫೈಲ್. ಪ್ಯಾಕೇಜಿನ ಯೂನಿಟ್ ಇರುವುದು ಲಿಬ್ ಕಡೆ. ಇಟಿಸಿಯಲ್ಲಿ ಅದೇ ಹೆಸರಿನದ್ದಿದ್ದರೆ ಅದಕ್ಕೇ ಮೊದಲ ಮಣೆ. ಕೈಯಲ್ಲಿ ಬರೆದ ಫೈಲನ್ನು, ಪ್ಯಾಕೇಜ್ ಹಾಕಿ ತೆಗೆಯುವ ಎಪಿಟಿ ಮುಟ್ಟುವುದಿಲ್ಲ. ಡಬ್ಬಿಯ ಚೀಟಿ ಹೊಸದು, ಒಳಗಿನ ಬೇಳೆ ಹಳೇದು, ಹುಳ ಸಮೇತ. ಇನ್ನೊಂದು ತಮಾಷೆ: ಬೇಡವಾದ ಪ್ಯಾಕೇಜ್ ಗುಡಿಸುವ ಆಟೋರಿಮೂವ್ ಒಮ್ಮೆಯೂ ಓಡಿಸದ ಕಾರಣ ಹಳೇ ಲೈಬ್ರರಿಗಳು ಉಳಿದು ಈ ಬೈನರಿ ಬದುಕಿತ್ತು. ಮನೆ ಗುಡಿಸಿದ್ದರೆ ಎಂದೋ ಬಿದ್ದು ಸಿಕ್ಕಿಬೀಳುತ್ತಿತ್ತು.

ಕಿತ್ತುಹಾಕುವಾಗ ಅವಸರ ಬೇಡ, ಯೂಸರ್‌ಗಳು ಹಳೇ ಮನೆಯಲ್ಲೇ ಇದ್ದಾರೆ. ಮೊದಲು ಹಳೇ ಬಿನ್ ಫೋಲ್ಡರಿನ ‘ನೆಟ್ ಗೆಟ್‌ಲೋಕಲ್‌ಎಸ್ಐಡಿ’ ಓಡಿಸಿ ಬಂದ ಎಸ್ಐಡಿಯನ್ನು (ಸರ್ವರಿನ ಗುರುತಿನ ನಂಬರ್) ಬರೆದಿಟ್ಟುಕೊಳ್ಳಿ. ಸೇವೆ ನಿಲ್ಲಿಸಿ, ಹಳೇ ಪ್ರೈವೇಟ್ ಫೋಲ್ಡರಿನ ಪಾಸ್‌ಡಿಬಿ.ಟಿಡಿಬಿ ಮತ್ತು ಸೀಕ್ರೆಟ್ಸ್.ಟಿಡಿಬಿಗೆ (ಯೂಸರ್, ಪಾಸ್‌ವರ್ಡ್ ಇರುವ ಸಾಂಬಾ ಡಾಟಾಬೇಸ್‌ಗಳು) ಟಿಡಿಬಿಬ್ಯಾಕಪ್ ಮಾಡಿ. ಓಡುತ್ತಿರುವಾಗ ಸಿಪಿಯಿಂದ ಬರೀ ನಕಲು ಮಾಡಿದ ಟಿಡಿಬಿಯನ್ನು ನಂಬುವಂತಿಲ್ಲ. ಯೂನಿಟ್ ಫೈಲ್ ಅಳಿಸಿ, ಡೀಮನ್-ರೀಲೋಡ್. ಆಮೇಲೆ ಹೊಸ ಸಾಂಬಾದಲ್ಲಿ ‘ನೆಟ್ ಸೆಟ್‌ಲೋಕಲ್‌ಎಸ್ಐಡಿ’ಗೆ ಆ ಹಳೇ ನಂಬರ್ ಕೊಟ್ಟು, ನಂತರವೇ ಯೂಸರ್‌ಗಳನ್ನು ಸಾಗಿಸುವ ಪಿಡಿಬಿಎಡಿಟ್‌ಗೆ ‘-ಐ’ ಹಿಂದೆ ಹಳೇ ಪಾಸ್‌ಡಿಬಿ, ‘-ಇ’ ಹಿಂದೆ /ವಾರ್/ಲಿಬ್/ಸಾಂಬಾ/ಪ್ರೈವೇಟ್‌ನಲ್ಲಿರುವ ಹೊಸದು. ಎರಡಕ್ಕೂ ಮುಂದೆ ‘ಟಿಡಿಬಿಸ್ಯಾಮ್:’ ಮರೆಯಬೇಡಿ. ಎಸ್ಐಡಿ ಹಂತ ಬಿಟ್ಟರೂ ಲಾಗಿನ್ ಆಗುತ್ತದೆ, ಆದರೆ ಎಸಿಎಲ್_ಎಕ್ಸ್‌ಆಟರ್ (ವಿಂಡೋಸ್ ಅನುಮತಿಗಳನ್ನು ಉಳಿಸಿಡುವ ಮಾಡ್ಯೂಲ್) ಬಳಸುವವರಿಗೆ ಸೆಕ್ಯುರಿಟಿ ಟ್ಯಾಬಿನಲ್ಲಿ ಹೆಸರಿನ ಬದಲು ಎಸ್-1-5-21ರ ಉದ್ದನೆ ಬಾಲ ಕಾಣುತ್ತದೆ. ಮೊದಲ ಸಲ ಆದದ್ದೇ ಅದು.

ಡಾಟಾ ಡಿಸ್ಕನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ (ಡಿಸ್ಕ್ ಜೋಡಣೆಯ ಫೈಲ್) ನೋಎಕ್ಸೆಕ್, ಅಂದರೆ ಅಲ್ಲಿನ ಕೋಡ್ ಓಡದಂತೆ, ಮಾಡಿದ್ದೂ ಆಯಿತು. 7494ರ ತರಹದ್ದು ನಾಳೆ ಮತ್ತೊಂದು ಬಂದರೂ ಷೇರಿನಲ್ಲಿರುವ .ಎಸ್‌ಒ ಲೋಡ್ ಆಗಬಾರದು. ‘ಎನ್‌ಟಿ ಪೈಪ್ ಸಪೋರ್ಟ್ = ನೋ’ ಆ ದೋಷಕ್ಕೆ ಆಗ ಕಟ್ಟಿದ ತಾತ್ಕಾಲಿಕ ಬ್ಯಾಂಡೇಜ್, ಅದನ್ನು ಈಗ ಹಾಕಿಕೊಂಡರೆ ವಿಂಡೋಸ್‌ನ ಕೆಲವು ಸೌಕರ್ಯ ಸುಮ್ಮನೆ ಕೆಡುತ್ತವೆ. ಇನ್ನು ಡೆಬಿಯನ್‌ನಲ್ಲಿ 4.17.12 ಅನ್ನುವುದನ್ನಷ್ಟೇ ನೋಡಿ ಹಳೇದು ಅಂತ ಗಾಬರಿಯಾಗಬೇಡಿ. ನಂಬರ್ ಅದೇ ಇಟ್ಟು ಪ್ಯಾಚ್ ಮಾತ್ರ ಹಿಂದಕ್ಕೆ ಹೊಲಿಯುತ್ತಾರೆ. ನೋಡಬೇಕಾದ್ದು ಕೊನೆಯ ‘ಡೆಬ್12ಯು’ ಬಾಲ.

ಬಲಿಯಾದದ್ದು ಒಂದೇ: ಟೀವಿ ಪಕ್ಕದ ಮೀಡಿಯಾ ಪ್ಲೇಯರ್. ಅದಕ್ಕೆ ಎಸ್‌ಎಂಬಿ1 ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಫರ್ಮ್‌ವೇರ್ ಕೇಳಿದರೆ ಮಾರಿದವರ ಕಡೆಯಿಂದ ‘ಸರ್, ರೂಟರ್ ಆಫ್ ಮಾಡಿ ಆನ್ ಮಾಡಿ’. ಆ ಡಬ್ಬಿಯೊಂದಕ್ಕೋಸ್ಕರ ಎಸ್‌ಎಂಬಿ1 ತೆರೆಯುವ ಮಾತೇ ಇಲ್ಲ. ವಿಡಿಯೊ ಹಂಚುವ ಪುಟ್ಟ ಸರ್ವರ್ ಮಿನಿಡಿಎಲ್‌ಎನ್‌ಎ ಹಾಕಿ ಸಿನಿಮಾ ಫೋಲ್ಡರನ್ನು ಅದರ ಮೂಲಕ ಕೊಟ್ಟಾಗಿದೆ, ಬರೆಯುವ ಹಕ್ಕಿಲ್ಲ.

ಅಟ್ಟ ಹತ್ತಿದಾಗಲೇ ಕಂಡದ್ದು: ಆಯುಧಪೂಜೆಗೆ ಹಚ್ಚಿದ ಕುಂಕುಮ ಎಸ್‌ಎಂಪಿಎಸ್ ಫ್ಯಾನಿನೊಳಗೆ ಹೋಗಿ ಸೇರಿದೆ. ಮುಂದಿನ ವರ್ಷದಿಂದ ಬೊಟ್ಟು ಕ್ಯಾಬಿನೆಟ್ಟಿನ ಬಾಗಿಲಿಗೆ ಮಾತ್ರ. ಯುಪಿಎಸ್‌ಗೆ ‘ಹೊಸದು’ ಅಂತ ಕೊಟ್ಟ 12 ವೋಲ್ಟ್ 7 ಎಎಚ್ ಬ್ಯಾಟರಿ ನಾಲ್ಕೇ ನಿಮಿಷಕ್ಕೆ ಕೈಚೆಲ್ಲುತ್ತದೆ, ಅದರ ಜಗಳ ಬೇರೆ ಇದೆ.

ಮುಂದಿನ ಆಸೆ ಬಿಟಿಆರ್‌ಎಫ್‌ಎಸ್ (ಲಿನಕ್ಸಿನ ಒಂದು ಫೈಲ್ ಸಿಸ್ಟಮ್) ಸ್ನ್ಯಾಪ್‌ಶಾಟ್, ಮೇಲೆ ಅದನ್ನು ವಿಂಡೋಸ್‌ಗೆ ತೋರಿಸುವ ಸಾಂಬಾ ಮಾಡ್ಯೂಲ್ ಷ್ಯಾಡೋ_ಕಾಪಿ2, ವಿಂಡೋಸ್‌ನ ‘ಹಿಂದಿನ ಆವೃತ್ತಿ’ ಟ್ಯಾಬಿನಲ್ಲಿ ನಿನ್ನೆಯ ಫೈಲ್ ಕಾಣಬೇಕು. ಒಂದು ಎಚ್ಚರಿಕೆ ಈಗಲೇ: ಕಾನ್ಫ್ ಫೈಲಿನ ಎಲ್ಲ ಷೇರಿಗೂ ಅನ್ವಯಿಸುವ ಗ್ಲೋಬಲ್ ಭಾಗದಲ್ಲಿ ಫ್ರೂಟ್ ಇದ್ದು, ಷೇರಿನೊಳಗೆ ಬೇರೆ ‘ವಿಎಫ್‌ಎಸ್ ಆಬ್ಜೆಕ್ಟ್ಸ್’ ಸಾಲು ಬರೆದರೆ ಅದು ಸೇರುವುದಿಲ್ಲ, ಮೇಲಿನದನ್ನು ಅಳಿಸುತ್ತದೆ. ಫ್ರೂಟ್, ಸ್ಟ್ರೀಮ್ಸ್_ಎಕ್ಸ್‌ಆಟರ್ ಸಮೇತ ಮತ್ತೆ ಪೂರ್ತಿ ಬರೆಯಬೇಕು.

ಈಗಿನ ಎನ್‌ಮ್ಯಾಪ್ ಫಲಿತಾಂಶ: 3.0, 3.0.2, 3.1.1. ಮೂರೇ ಸಾಲು.