ಮಗ್ಗದ ಕಥೆ ಬೇಡವೆಂದ ಹುಡುಗಿ

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಬೆಂಗಳೂರಿನ ಮಕ್ಕಳ ಪ್ರಬಂಧಗಳನ್ನು ನೋಡುವುದು ನನ್ನ ಕೆಲಸ. ನವೆಂಬರ್ 1 ನಾಡಿಗೆಲ್ಲ ರಾಜ್ಯೋತ್ಸವ. ನಮಗೆ ಹಲವು ಕಾಲೇಜುಗಳ ಅರ್ಲಿ ಅರ್ಜಿಗಳ, ಅಂದರೆ ಉಳಿದವರಿಗಿಂತ ಮುಂಚಿತವಾಗಿ ಹಾಕುವ ಅರ್ಜಿಗಳ, ಕೊನೆಯ ದಿನ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಆನ್‌ಲೈನ್ ವೇದಿಕೆಯಾದ ಕಾಮನ್ ಆ್ಯಪ್‌ನಲ್ಲಿ ಗಡುವು ಸಾಮಾನ್ಯವಾಗಿ ಅರ್ಜಿದಾರರ ಊರಿನ ಸಮಯಕ್ಕೇ ಮುಗಿಯುತ್ತದೆ, ರಾತ್ರಿ 11.59ಕ್ಕೆ. ಅಮೆರಿಕದಲ್ಲಿ ಇನ್ನೂ ಹಗಲಲ್ಲವೇ ಎಂದು ನಿಶ್ಚಿಂತೆಯಿಂದ ಇರುವ ಪೋಷಕರಿಗೆ ಇದನ್ನು ಪ್ರತಿ ವರ್ಷ ಹೇಳಬೇಕಾಗುತ್ತದೆ.

2024ರ ಆ ರಾತ್ರಿ ಹತ್ತೂಮುಕ್ಕಾಲಿಗೆ ಒಬ್ಬ ವಿದ್ಯಾರ್ಥಿನಿ ಕರೆ ಮಾಡಿದಳು. ಪ್ರಿವ್ಯೂ, ಶುಲ್ಕ, ಸಹಿ ಎಲ್ಲವೂ ಬಾಕಿ. "ಮ್ಯಾಮ್, ನಾನು ಪ್ರಬಂಧ ಬದಲಾಯಿಸುತ್ತಿದ್ದೇನೆ" ಎಂದಳು.

ಬೇಡವೇ ಬೇಡ ಎಂದೆ. ಅವಳ ಪ್ರಬಂಧಕ್ಕೆ ಆಗಸ್ಟ್‌ನಲ್ಲೇ ಹಸಿರು ಗುರುತು ಬಿದ್ದಿತ್ತು. ಇಳಕಲ್‌ನಲ್ಲಿ ಸೀರೆ ನೇಯುತ್ತಿದ್ದ ಅಜ್ಜಿಯ ಕಥೆ ಅದು. ಒಡಲಿನ ಹತ್ತಿಯ ನೂಲಿಗೆ ಸೆರಗಿನ ರೇಷ್ಮೆಯ ನೂಲನ್ನು ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಹಾಗೆ ತಾನೂ ಎರಡು ಲೋಕಗಳ ಕೊಂಡಿ ಎಂದು ಅದರಲ್ಲಿತ್ತು. ಆ ಹೋಲಿಕೆ ಹುಟ್ಟಿದ್ದು ನಮ್ಮ ಮೀಟಿಂಗ್‌ನಲ್ಲಿ.

ಹೀಗಾಗಲು ಕಾರಣವಿದೆ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತೆಂದು ವಿದ್ಯಾರ್ಥಿ ಬರೆಯಬಹುದು, ಆದರೆ ಅಳೆಯಬೇಕಾದದ್ದು ಆ ಒಬ್ಬ ವ್ಯಕ್ತಿಯ ಅನುಭವವನ್ನು ಎಂದೂ ಅದು ಹೇಳಿತು. ಅದರ ಬೆನ್ನಿಗೇ ಹಲವು ಕಾಲೇಜುಗಳು ಪ್ರತ್ಯೇಕವಾಗಿ ಕೇಳುವ ಹೆಚ್ಚುವರಿ ಪ್ರಬಂಧಗಳಾದ ಸಪ್ಲಿಮೆಂಟ್‌ಗಳಲ್ಲಿ ನಿಮ್ಮ ಹಿನ್ನೆಲೆ ಏನು, ಅದು ನಿಮ್ಮನ್ನು ಹೇಗೆ ರೂಪಿಸಿತು ಎಂಬ ಪ್ರಶ್ನೆಗಳು ಬಂದವು. ನಮ್ಮ ಆಡಳಿತದವರು ಐಡೆಂಟಿಟಿ ಮ್ಯಾಪ್ ಎಂಬ ಹಾಳೆಯನ್ನೇ ಮಾಡಿಸಿದರು. ಊರು, ಭಾಷೆ, ಕುಲಕಸುಬು, ಹಬ್ಬ: ಯಾವ ಚೌಕವನ್ನೂ ಖಾಲಿ ಬಿಡುವಂತಿಲ್ಲ. ಮಗು ತಾನಾಗಿ ಏನು ಮಾಡಿದೆ ಎಂಬುದಕ್ಕೆ ಮಾತ್ರ ಆ ಹಾಳೆಯಲ್ಲಿ ಚೌಕವಿಲ್ಲ.

"ಅಜ್ಜಿ ನೇಯುತ್ತಿದ್ದದ್ದು ನಿಜ ಮ್ಯಾಮ್. ಆದರೆ ನಾನು ಆ ಮಗ್ಗದ ಹತ್ತಿರ ಕೂತವಳೇ ಅಲ್ಲ. ಇದನ್ನು ಓದಿದರೆ ಬೇರೆ ಯಾರದೋ ಅರ್ಜಿಗೆ ಸಹಿ ಹಾಕಿದಂತೆ ಆಗುತ್ತದೆ."

ಗಾಬರಿಯಲ್ಲಿ ಮಾತನಾಡುತ್ತಿದ್ದಾಳೆ, ಕಡೆಯ ಗಳಿಗೆಯಲ್ಲಿ ಎಲ್ಲರಿಗೂ ಹೀಗಾಗುತ್ತದೆ ಎಂದುಕೊಂಡೆ. ಸಮಾಧಾನ ಹೇಳುತ್ತಾ ಹೋದೆ. ಅವಳ ದನಿಯಲ್ಲಿ ಗಾಬರಿಯ ಸುಳಿವೇ ಇರಲಿಲ್ಲ. ಅದು ನನಗೆ ಕೇಳಿಸಿದ್ದು ತಡವಾಗಿ. ಕೊನೆಗೆ, ಹೊಸ ಪ್ರಬಂಧವನ್ನು ನನಗೆ ಕಳುಹಿಸು ಎಂದೆ. ಅದರಲ್ಲಿದ್ದದ್ದು ಇದು.

2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ, ಅವರ ಅಪಾರ್ಟ್‌ಮೆಂಟ್‌ಗೆ ಟ್ಯಾಂಕರ್ ನೀರೇ ಗತಿಯಾಗಿತ್ತು. ಬಂದ ನೀರಿನ ಲೆಕ್ಕ ಬರೆಯುವ ಕೆಲಸ ಇವಳದು. ನೆಲದಡಿಯ ಸಂಪ್‌ನೊಳಗೆ ಬಿದಿರು ಕೋಲು ಇಳಿಸಿ ಅಳೆಯುತ್ತಿದ್ದಳು. 12,000 ಲೀಟರ್ ಬಂದರೆ ನೀರು ಒಂದು ಮೀಟರ್ ಏರಬೇಕು. ಏರುತ್ತಿದ್ದದ್ದು 85 ಸೆಂಟಿಮೀಟರ್. ಎಲ್ಲರೆದುರು ಚಾಲಕನನ್ನು ಕಳ್ಳ ಎಂದಳು. ಹದಿನೈದು ದಿನ ಕಳೆದ ಮೇಲೆ ತಿಳಿಯಿತು: ಟ್ಯಾಂಕರ್ ಸುರಿಯುವ ಹೊತ್ತಿಗೇ ವಾಚ್‌ಮನ್ ಮೇಲಿನ ತೊಟ್ಟಿಗೆ ಮೋಟರ್ ಹಾಕುತ್ತಿದ್ದ. ಕೊರತೆಯಾದ ನೀರು ಇವರ ಮನೆಯ ನಲ್ಲಿಗಳಲ್ಲೇ ಬಂದಿತ್ತು. ಸಂಘದವರು ಆ ಮಾತು ಬಿಟ್ಟುಬಿಡು ಎಂದರು. ಅವಳು ಬಿಡಲಿಲ್ಲ, ಪುಸ್ತಕ ಹಿಡಿದು ಚಾಲಕನ ಮುಂದೆ ನಿಂತು, ಅಷ್ಟೇ ಜನರೆದುರು ತಪ್ಪೊಪ್ಪಿಕೊಂಡಳು. ಲೆಕ್ಕ ಸರಿ ಇದ್ದ ಮಾತ್ರಕ್ಕೆ ತೀರ್ಮಾನ ಸರಿಯಾಗಿರುವುದಿಲ್ಲ ಎಂದು ಆಗ ಗೊತ್ತಾಯಿತು ಎಂದು ಬರೆದಿದ್ದಳು. ಹದಿನೇಳು ವರ್ಷದ ಆ ಹುಡುಗಿ ಅದರಲ್ಲಿ ಪೂರ್ತಿಯಾಗಿ ಇದ್ದಳು.

ಆಗ ಗಂಟೆ ಹನ್ನೊಂದೂಕಾಲು. ಪ್ರಬಂಧ 691 ಪದ, ಮಿತಿ 650. ಮೊದಲ ಪ್ಯಾರಾದಲ್ಲಿದ್ದ ಬೆಂಗಳೂರಿನ ಬರದ ವರ್ಣನೆಯನ್ನು ತೆಗೆದೆವು. ಚಾಲಕ ಅವಳ ಮಾತು ಕೇಳಿ ನಗದೆ, ಕೋಲನ್ನು ತಾನೇ ತೆಗೆದುಕೊಂಡು ಸಂಪ್‌ನೊಳಗೆ ಇಳಿಸಿದ ವಾಕ್ಯವನ್ನು ತೆಗೆಯಲು ಅವಳು ಒಪ್ಪಲಿಲ್ಲ. ಬದಲಿಗೆ ಕೊನೆಯ ಎರಡು ಸಾಲು ಹೋದವು. ಪ್ರಿವ್ಯೂ ತೆರೆಯಲು ಸತಾಯಿಸಿತು, ಕಾರ್ಡಿನ ಓಟಿಪಿ ಅವಳ ಅಪ್ಪನ ಫೋನಿಗೆ ಹೋಗಿತ್ತು, ಅವರನ್ನು ನಿದ್ದೆಯಿಂದ ಎಬ್ಬಿಸಬೇಕಾಯಿತು. 11.48ಕ್ಕೆ ಅರ್ಜಿ ಹೋಯಿತು.

ಈಗ ನಾನು ಮೊದಲ ಭೇಟಿಯಲ್ಲಿ ಯಾವ ಹಾಳೆಯನ್ನೂ ಮುಂದಿಡುವುದಿಲ್ಲ. ನೀನು ಇತ್ತೀಚೆಗೆ ಯಾವ ವಿಷಯದಲ್ಲಿ ಮನಸ್ಸು ಬದಲಾಯಿಸಿದೆ ಎಂದು ಕೇಳಿ ಸುಮ್ಮನೆ ಕೂರುತ್ತೇನೆ. ಅಜ್ಜಿಯ ಮಗ್ಗ ಬರುವುದಾದರೆ ಬರಲಿ. ಆ ಮಗ್ಗದಲ್ಲಿ ಕೂತು ನೂಲು ಹರಿದುಕೊಂಡ ಮಗುವಿಗೆ ಅದಕ್ಕಿಂತ ಒಳ್ಳೆಯ ವಿಷಯವಿಲ್ಲ.

ಹಳೆಯ ಇಳಕಲ್ ಪ್ರಬಂಧ ಮಾತ್ರ ನಮ್ಮ ಮಾದರಿ ಕಡತದಲ್ಲಿ ಇಂದಿಗೂ ಇದೆ. ಹೆಸರು ತೆಗೆದು ಹೊಸ ಪೋಷಕರಿಗೆ ಅದನ್ನೇ ತೋರಿಸುತ್ತಾರೆ. ಅವಳು ಒಲ್ಲೆ ಎಂದ ಬರಹವನ್ನು ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ ಎಂದು ಲಿಖಿತವಾಗಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಆಗಸ್ಟ್ 1ಕ್ಕೆ ಹೊಸ ಅರ್ಜಿಗಳು ತೆರೆಯುತ್ತವೆ. ಅದಕ್ಕೂ ಮೊದಲಿನ ಮೀಟಿಂಗ್‌ನಲ್ಲಿ ಮತ್ತೆ ಕೇಳುತ್ತೇನೆ.